ಡೇಟಾ ಪೋರ್ಟಲ್ ಕೋಡನ್ನ ನಾವು ವಾಪಸ್ ಕೊಡೋಕೆ ಶುರು ಮಾಡಿದ್ದು

ನಾನು ಈ ಸರ್ಕಾರಿ ಪೋರ್ಟಲ್ ಕೆಲಸಕ್ಕೆ ಬಂದಾಗ ಸಿಕ್ಯಾನ್ (CKAN, ಡೇಟಾಸೆಟ್‌ಗಳನ್ನ ಪಟ್ಟಿ ಮಾಡಿ ಜನರಿಗೆ ತೆರೆದಿಡೋ ಓಪನ್ ಸೋರ್ಸ್ ಸಾಫ್ಟ್‌ವೇರ್) ಆಗ್ಲೇ ಓಡ್ತಿತ್ತು, ಆದ್ರೆ ಹಿಂದಿನ ಟೀಮ್‌ನೋರು ಅದರ ಕೋರ್ ಫೈಲ್‌ಗಳಿಗೇ, ಅಂದ್ರೆ ಮೂಲ ಕೋಡಿಗೇ ಕೈ ಹಾಕಿ ಬೇಕಾದ್ದೆಲ್ಲ ಅಲ್ಲೇ ತಿದ್ದಿಬಿಟ್ಟಿದ್ರು. ಎರಡು ಭಾಷೆಯಲ್ಲಿ ಶೀರ್ಷಿಕೆ ಬೇಕು ಅಂದಾಗ ಕೋರ್‌ನಲ್ಲೇ ಇನ್ನೊಂದು ಟೈಟಲ್ ಫೀಲ್ಡ್ ತುರುಕಿದ್ರು. ಸೆಕ್ಯುರಿಟಿ ಅಪ್‌ಡೇಟ್ ಬಂತು ನೋಡಿ, ಅದನ್ನ ನಮ್ಮ ಕೋಡಿಗೆ ಸೇರಿಸೋಕೆ ಕೂತ್ರೆ ಫೈಲ್ ಫೈಲಲ್ಲೂ ಅವರ ಸಾಲು, ನಮ್ಮ ಸಾಲು ಹೊಂದದೆ ಕಾನ್‌ಫ್ಲಿಕ್ಟ್, ಈ ಸಾಲು ಯಾಕೆ ಬರೆದ್ರಿ ಅಂತ ಕೇಳೋಣ ಅಂದ್ರೆ ಬರೆದೋರೇ ಇಲ್ಲ.

ನಮ್ಮಂಥದ್ದೇ ತೊಂದರೆ ಇನ್ಯಾರಿಗಿತ್ತು ಅಂತ ಹುಡುಕ್ತಾ ಹೋದೆ. ಕೆನಡಾ ಫೆಡರಲ್ ಸರ್ಕಾರ ಇಂಗ್ಲಿಷ್, ಫ್ರೆಂಚ್ ಎರಡರಲ್ಲೂ ಮಾಹಿತಿ ಕೊಡ್ಲೇಬೇಕು, ಅವರ ಪೋರ್ಟಲ್ ಇರೋದೂ ಸಿಕ್ಯಾನ್ ಮೇಲೆ, ಅದಕ್ಕೆ ಅವರು ಬಳಸೋ ಸ್ಕೀಮಿಂಗ್, ಫ್ಲೂಯೆಂಟ್ ಅನ್ನೋ ಎಕ್ಸ್‌ಟೆನ್ಷನ್‌ಗಳು (ಹೊರಗಿಂದ ಸೇರಿಸೋ ಕೋಡ್ ತುಣುಕುಗಳು) ಎಲ್ಲರಿಗೂ ತೆರೆದೇ ಇವೆ. ಫೀಲ್ಡ್‌ಗಳನ್ನ ಯಾಮಲ್ (YAML) ಅನ್ನೋ ಸರಳ ಪಠ್ಯ ಫೈಲಲ್ಲಿ ಬರೆದು, ಫ್ಲೂಯೆಂಟ್‌ನ ಸಿದ್ಧ ಸೆಟ್ಟಿಂಗ್ ಹಾಕಿ, ಭಾಷೆ ಕೋಡ್ ಕೊಟ್ರೆ ಸಾಕು, ಫಾರ್ಮ್‌ನಲ್ಲಿ ಭಾಷೆಗೊಂದು ಡಬ್ಬಿ ತಾನಾಗೇ ಬರುತ್ತೆ. ಕೋರ್ ಮುಟ್ಟೋದೇ ಬೇಡ. ಅವತ್ತು ಆದ ಖುಷಿ ಇನ್ನೂ ನೆನಪಿದೆ, ಯಾವುದೋ ದೇಶದೋರು ತಮ್ಮ ಕಷ್ಟಕ್ಕೆ ಬರೆದ ಕೋಡು ನಮ್ಮ ಎರಡನೇ ಭಾಷೆಯನ್ನ ಹೊತ್ತು ನಿಂತಿತ್ತು.

ತಗೊಂಡಿದ್ದಾಯ್ತು, ಕೊಡೋ ಸರದಿ ಹಾರ್ವೆಸ್ಟರ್ ಅನ್ನೋ ಸಿಕ್ಯಾನ್ ಎಕ್ಸ್‌ಟೆನ್ಷನ್ ವಿಷಯದಲ್ಲಿ ಬಂತು. ಬೇರೆ ಬೇರೆ ಇಲಾಖೆ ಕ್ಯಾಟಲಾಗ್‌ಗಳಿಂದ ಮೆಟಾಡೇಟಾ (ಡೇಟಾಸೆಟ್‌ಗಳ ಹೆಸರು, ವಿವರ) ಎಳ್ಕೊಂಡು ಬರೋದು ಅದರ ಕೆಲಸ, ಗುರುತಿಗೆ ಪ್ರತಿ ಡೇಟಾಸೆಟ್‌ಗೂ ಒಂದು ಐಡೆಂಟಿಫೈಯರ್. ಒಂದು ಇಲಾಖೆಯೋರು ಎಚ್‌ಟಿಟಿಪಿಯಿಂದ ಎಚ್‌ಟಿಟಿಪಿಎಸ್‌ಗೆ ಬದಲಾದ್ರು, ಅವರ ಐಡೆಂಟಿಫೈಯರ್ ಅಂದ್ರೆ ಪೂರ್ತಿ ಯುಆರ್‌ಎಲ್, ಹಂಗಾಗಿ ಒಂದು ‘ಎಸ್’ ಸೇರಿದ್ದಕ್ಕೆ ಹಾರ್ವೆಸ್ಟರ್ ಎಲ್ಲವನ್ನೂ ಹೊಸದು ಅಂದ್ಕೊಂಡು ಮತ್ತೆ ಸೇರಿಸ್ತು, ಹೆಸರಿನ ಬಾಲಕ್ಕೆ 1 ಅಂಟಿಸ್ತು, ಹಳೇದನ್ನ ಅಳಿಸ್ತು. ಜನ ಸೇವ್ ಮಾಡಿಟ್ಕೊಂಡ ಲಿಂಕ್‌ಗಳೆಲ್ಲ ಹೋದ್ವು. ಸಂಶೋಧನೆ ಮಾಡೋರು ಆ ಲಿಂಕ್ ಮೇಲೆ ಸ್ಕ್ರಿಪ್ಟ್ ಬರೆದಿರ್ತಾರೆ, ಅವರಿಗೆ ಏನಂತ ಹೇಳೋದು? ಬ್ಯಾಕಪ್‌ನಿಂದ ಹಳೇ ಹೆಸರುಗಳನ್ನ ವಾಪಸ್ ತಂದ್ವಿ, ಆಮೇಲೆ ಹೋಲಿಸೋಕೆ ಮುಂಚೆ ಐಡೆಂಟಿಫೈಯರ್‌ನ ಒಂದೇ ರೂಪಕ್ಕೆ ತರೋ ಚಿಕ್ಕ ಪ್ಯಾಚ್ (ಕೋಡ್ ತಿದ್ದುಪಡಿ) ಬರೆದ್ವಿ.

ಅದನ್ನ ಹಾರ್ವೆಸ್ಟರ್‌ನ ಮೂಲ ಪ್ರಾಜೆಕ್ಟ್‌ಗೆ ಕೊಡೋಣ ಅಂದಾಗ ಮೇಲಿನೋರು, ಮೊದಲು ಸರ್ಕಾರಗಳ ಮಧ್ಯೆ ಒಪ್ಪಂದ ಆಗ್ಲಿ ಅಂದ್ರು. ನಾನು ಭಾರತ-ಅಮೆರಿಕದ ಓಪನ್ ಗವರ್ನಮೆಂಟ್ ಪ್ಲಾಟ್‌ಫಾರ್ಮ್ ಉದಾಹರಣೆ ಕೊಟ್ಟೆ. ಭಾರತ ಸರ್ಕಾರದ ಐಟಿ ಸಂಸ್ಥೆ ಎನ್‌ಐಸಿ, ಅಮೆರಿಕ ಸರ್ಕಾರದ ಜಿಎಸ್‌ಎ ಅನ್ನೋ ಏಜೆನ್ಸಿ ಸೇರಿ, ವೆಬ್‌ಸೈಟ್ ಕಟ್ಟೋ ಓಪನ್ ಸೋರ್ಸ್ ಸಾಫ್ಟ್‌ವೇರ್ ಡ್ರೂಪಲ್ ಮೇಲೆ ಕಟ್ಟಿ 2012ರಲ್ಲಿ ಹೊರಗೆ ತಂದ್ರು, ಭಾರತದ ಪೋರ್ಟಲ್ ಅದರ ಮೇಲೇ ಬಂತು, ಅದು ದೊಡ್ಡ ಹೆಜ್ಜೆನೇ. ಆದ್ರೆ 2013ರಲ್ಲಿ ಅಮೆರಿಕದೋರ ಡೇಟಾ ಪೋರ್ಟಲ್ ಡೇಟಾ.ಗವ್ ಆ ಜಂಟಿ ಕೋಡ್‌ಗಲ್ಲ, ಸಿಕ್ಯಾನ್‌ಗೆ ಹೋಯ್ತು. ಒಪ್ಪಂದ ಬೇಡ ಅಂತಲ್ಲ, ಸಹಿ ಆದ್ಮೇಲೂ ಎರಡೂ ಕಡೆ ಎಂಜಿನಿಯರ್‌ಗಳು ದಿನಾ ಅದೇ ಕೋಡ್ ಮೇಲೆ ಕೂತಿರಬೇಕು, ಅದಕ್ಕೇ ನಮಗೆ ಪರ್ಮಿಷನ್ ಬೇಕಿರೋದು ಅಂತ ವಾದ ಮಾಡಿದೆ. ಕೊನೆಗೆ ಕೆಲಸಕ್ಕೆ ಬಂದಿದ್ದು ಲೈಸೆನ್ಸು. ಸಿಕ್ಯಾನ್ ಎಜಿಪಿಎಲ್ ಅನ್ನೋ ಓಪನ್ ಸೋರ್ಸ್ ಲೈಸೆನ್ಸ್‌ನಲ್ಲಿದೆ, ಬದಲಾಯಿಸಿ ನೆಟ್‌ವರ್ಕ್ ಮೇಲೆ ಓಡಿಸಿದ್ರೆ ಬಳಸೋರಿಗೆ ಸೋರ್ಸ್ ಕೋಡ್ ಸಿಗೋ ಹಾಗೆ ಮಾಡ್ಲೇಬೇಕು. ಲೀಗಲ್‌ನೋರು ಅದನ್ನ ಓದಿ, ಹೆಂಗಿದ್ರೂ ಕೊಡ್ಬೇಕಲ್ಲ, ಕೊಡಿ ಅಂದ್ರು.

ಪ್ಯಾಚ್ ಒಂದೇ ಸಲಕ್ಕೆ ಒಪ್ಪಿಗೆ ಆಗ್ಲಿಲ್ಲ. ಮೂಲ ಪ್ರಾಜೆಕ್ಟ್ ನೋಡ್ಕೊಳ್ಳೋರು ಟೆಸ್ಟ್ ಎಲ್ಲಿ ಅಂದ್ರು, ಇದು ಎಲ್ಲರಿಗೂ ಬೇಡ, ಬೇಕಾದೋರು ಆನ್ ಮಾಡ್ಕೊಳ್ಳೋ ಸೆಟ್ಟಿಂಗ್ ಮಾಡಿ ಅಂದ್ರು. ಅವರು ಹೇಳಿದ್ದು ಸರಿಯಿತ್ತು, ಕೆಲವು ಕಡೆ ಎರಡು ಯುಆರ್‌ಎಲ್ ಅಂದ್ರೆ ನಿಜಕ್ಕೂ ಎರಡು ಡೇಟಾಸೆಟ್ಟೇ ಇರಬಹುದು, ನಮಗದು ಹೊಳೆದಿರ್ಲಿಲ್ಲ. ತಿದ್ದಿ ಕಳಿಸಿದ್ವಿ, ತಗೊಂಡ್ರು.

ಈಗ ಹೊಸ ಟೆಂಡರ್‌ನಲ್ಲಿ, ಮಾಡಿದ ಬದಲಾವಣೆನ ಮೂಲ ಪ್ರಾಜೆಕ್ಟ್‌ಗೆ ಕಳಿಸೋದೂ ಕೆಲಸದ ಭಾಗ, ಅದಕ್ಕೂ ದಿನ ಲೆಕ್ಕ ಹಾಕಿ ಅಂತ ಬರೆಸಿದೀವಿ. ಕೋರ್‌ನಲ್ಲಿ ನಮ್ಮದು ಅಂತ ಉಳಿದಿರೋದು ಒಂದೇ ತಿದ್ದುಪಡಿ, ಸರ್ಚ್‌ನಲ್ಲಿ ದಿನಾಂಕ ತೋರಿಸೋದು, ಈ ವಾರ ಅದನ್ನೂ ಎಕ್ಸ್‌ಟೆನ್ಷನ್‌ಗೆ ಎತ್ತಿ ಹಾಕ್ತಿದೀನಿ.