ಬೂತಾಯಿ ಬಿಟ್ಟು ಕೋಳಿಗೆ ಬಂದ ನಮ್ಮ ಚುಕ್ಕ

ಜೂನ್ 1ರಿಂದ ಜುಲೈ 31ರವರೆಗೆ ನಮ್ಮ ಕರಾವಳಿಯಲ್ಲಿ ಟ್ರಾಲ್ ಬೋಟುಗಳು ಕಡಲಿಗೆ ಇಳಿಯುವುದಿಲ್ಲ. ಹೋದ ಮಳೆಗಾಲ ಬೂತಾಯಿ ಮೀನು ಕಿಲೋಗೆ 300 ರೂಪಾಯಿ ದಾಟಿತ್ತು. ನಾವು ಮೊಟ್ಟೆ ಸಾರಿನಲ್ಲಿ ದಿನ ತಳ್ಳಿದೆವು. ನಮ್ಮ ಬೆಕ್ಕು ಚುಕ್ಕನಿಗೆ ಮಾತ್ರ ಬೂತಾಯಿಯೇ ಆಗಬೇಕು. ಆರು ವರ್ಷದಿಂದ ಬೇರೇನೂ ಮುಟ್ಟಿದವನಲ್ಲ. "ಮೀನು ತಿಂದ ಪುಚ್ಚೆ ಕೋಳಿ ತಿನ್ನುವುದುಂಟಾ? ಸುಮ್ನೆ ದುಡ್ಡು ಹಾಳು" ಎಂದರು ನೆರೆಮನೆಯವರು. ಈಗ ಅವರೇ ಬಂದು ನೋಡಿ ಹೋಗುತ್ತಾರೆ.

ಮೊದಲು ಡ್ರೈ ಫುಡ್ ತಂದೆ, 450ರ ಹತ್ತಿರ. ಮೂಸಿದ, ಕಕ್ಕ ಮುಚ್ಚುವ ಹಾಗೆ ಸುತ್ತ ನೆಲ ಕೆರೆದ, ಹೋದ. ಗ್ರೇವಿ ಸ್ಯಾಶೆಗಳಿಗೆ 350. ಗ್ರೇವಿ ನೆಕ್ಕಿ ತುಂಡು ಬಿಟ್ಟ. ಆಮೇಲೆ ಯಾರದೋ ಮಾತು ಕೇಳಿ ಉಪವಾಸ ಕೆಡವಿದೆ. ಅದೇ ದೊಡ್ಡ ತಪ್ಪು. ಎರಡನೇ ದಿನ ಮಂಚದಡಿ ಸೇರಿದವನು ಕರೆದರೂ ಬರಲಿಲ್ಲ. ಡಾಕ್ಟರು ಬೈದರು. ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬು ಲಿವರಿನಲ್ಲಿ ತುಂಬಿ ಜೀವಕ್ಕೇ ಅಪಾಯ, ದಪ್ಪಗಿದ್ದರೆ ಇನ್ನೂ ಜಾಸ್ತಿ. ಬಿಲ್ಲು 800. ಆ ರಾತ್ರಿ ಮೀನು ಬೇಯಿಸಿ ಕೈಯಲ್ಲೇ ತಿನ್ನಿಸಿದೆ. ಅವನ ಒರಟು ನಾಲಗೆ ಬೆರಳಿಗೆ ತಾಗಿದಾಗ ಅಳು ಬಂತು.

ಕೊನೆಗೆ ಗೆದ್ದದ್ದು ಹೀಗೆ. ಬೂತಾಯಿ ಬೇಯಿಸಿದ ನೀರು ಚೆಲ್ಲಲಿಲ್ಲ, ಐಸ್ ಟ್ರೇಗೆ ಹಾಕಿಟ್ಟೆ. ಆ ನೀರಲ್ಲೇ ಕೋಳಿ ಬೇಯಿಸಿದೆ. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕಲಿಲ್ಲ, ಬೆಕ್ಕಿಗೆ ಅವು ಬೇಡ. ನಾರುನಾರು ಬಿಡಿಸಿ, ಮೀನಿನೊಳಗೆ ಕಾಲು ಚಮಚ ಕಿವುಚಿದೆ. ಐದು ದಿನ ಅಷ್ಟೇ. ಆಮೇಲೆ ಅರ್ಧ. ಒಮ್ಮೆ ಅವಸರಪಟ್ಟು ಎರಡು ಚಮಚ ಹಾಕಿದೆ, ಕಂಡುಹಿಡಿದುಬಿಟ್ಟ. ಒಂದು ವಾರದ ಕೆಲಸ ಹೋಯಿತು.

ಬಿಸಿಯೂ ಮುಖ್ಯ. ಫ್ರಿಜ್ಜಿಂದ ತೆಗೆದದ್ದಕ್ಕೆ ವಾಸನೆ ಏಳುವುದಿಲ್ಲ, ಬೆಕ್ಕು ಮೂಗಿನಿಂದಲೇ ತಿನ್ನುವುದು ಅಲ್ವಾ? ಮಣಿಕಟ್ಟಿಗೆ ಉಗುರುಬೆಚ್ಚಗೆ ತಾಗಬೇಕು. ಈ ನಡುವೆ ತಟ್ಟೆಯನ್ನೂ ಪರೀಕ್ಷೆ ಮಾಡಿದೆ. ಆಳದ ಸ್ಟೀಲ್ ಬಟ್ಟಲಲ್ಲಿ ಅರ್ಧ ಬಿಡುತ್ತಿದ್ದ, ಬಾಳೆಲೆ ತುಂಡಿನ ಮೇಲೆ ಪೂರ್ತಿ ತಿಂದ. ಮೀಸೆ ಅಂಚಿಗೆ ತಾಗುವುದು ಅವನಿಗೆ ಆಗುವುದಿಲ್ಲ ಅಂತ ನನ್ನ ಲೆಕ್ಕ.

ಮೇಲೆ ಉದುರಿಸಲು ಒಣ ಸಿಗಡಿ ತೊಳೆದು, ಹುರಿದು ಪುಡಿ ಮಾಡಿದೆ, ಒಂದು ಚಿಟಿಕೆ. ಅದರ ಜೊತೆ ಇನ್ನೊಂದು ಸೇರಿಸುತ್ತೇನೆ. ಅದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ, ತಂಗಿಯ ಬೆಕ್ಕಿನ ಮೇಲೂ ನೋಡಿ ಹೇಳುತ್ತೇನೆ. ಬರೀ ಕೋಳಿಮಾಂಸದಲ್ಲಿ ಕ್ಯಾಲ್ಸಿಯಂ ಸಾಲದು, ಡಾಕ್ಟರು ಕೊಟ್ಟ ಪುಡಿ ಬೆರೆಸುತ್ತೇನೆ. ಬೆಕ್ಕಿಗೆ ಬೇಕೇ ಬೇಕಾದ ಟಾರಿನ್ ಎಂಬ ಅಂಶಕ್ಕೆ ಕೋಳಿಯ ಹೃದಯವೂ ಇರುತ್ತದೆ.

ಮೀನಿಗೆ ತಿಂಗಳಿಗೆ 1,800 ಹೋಗುತ್ತಿತ್ತು, ಈಗ 900ರ ಆಸುಪಾಸು. ಸುಮಾರು 40ನೇ ದಿನ ಬರೀ ಕೋಳಿ ಇಟ್ಟು ಬಾಗಿಲ ಹಿಂದೆ ನಿಂತೆ. ಮೂಸಿದ. ನೆಲ ಕೆರೆಯಲಿಲ್ಲ. ಬಾಳೆಲೆ ಹೊಸ್ತಿಲವರೆಗೆ ಜಾರಿಹೋಗುವಷ್ಟು ನೆಕ್ಕಿದ.