ಕ್ಲಬ್‌ನ ಮಕ್ಕಳು ರಾಷ್ಟ್ರೀಯ ಟೂರ್ನಿ ತಲುಪುವ ದಾರಿ: ನನ್ನ ಅನುಭವ

ಬೆಂಗಳೂರಿನ ವಿಜಯನಗರದ ಕಡೆ ನಾನು ಮಕ್ಕಳಿಗಾಗಿ ಸಣ್ಣದೊಂದು ವಾಲಿಬಾಲ್ ಕ್ಲಬ್ ನಡೆಸುತ್ತೇನೆ. ಹೊಸದಾಗಿ ಸೇರುವ ಪೋಷಕರ ಮೊದಲ ಪ್ರಶ್ನೆ ಬಹುತೇಕ ಒಂದೇ: ‘ನಿಮ್ಮ ಕ್ಲಬ್ ನ್ಯಾಷನಲ್ಸ್‌ಗೆ ಯಾವಾಗ ಹೋಗುತ್ತದೆ?’ ಅಮೆರಿಕದಲ್ಲಿ ಕೆಲ ಕಾಲ ಇದ್ದು ಬೆಂಗಳೂರಿಗೆ ಮರಳಿದವರಂತೂ ಕೇಳಿಯೇ ಕೇಳುತ್ತಾರೆ. ಅಲ್ಲಿ ಕ್ಲಬ್ ತಂಡವೇ ಅರ್ಹತಾ ಟೂರ್ನಿಯಲ್ಲೋ ತನ್ನ ಪ್ರಾದೇಶಿಕ ಸಂಸ್ಥೆಯ ಮೂಲಕವೋ ‘ಬಿಡ್’ (ಆಡುವ ಅರ್ಹತೆ) ಪಡೆದು, ಯುಎಸ್‌ಎ ವಾಲಿಬಾಲ್ ನಡೆಸುವ ಕಿರಿಯರ ರಾಷ್ಟ್ರೀಯ ಚಾಂಪಿಯನ್‌ಷಿಪ್‌ನಲ್ಲಿ ತನ್ನ ಹೆಸರಿನಲ್ಲೇ ಆಡುತ್ತದೆ. ನಮ್ಮಲ್ಲಿ ಹಾಗಿಲ್ಲ. ಮಿನಿ, ಸಬ್ ಜೂನಿಯರ್, ಜೂನಿಯರ್ ರಾಷ್ಟ್ರೀಯ ಚಾಂಪಿಯನ್‌ಷಿಪ್‌ಗಳಲ್ಲಿ ಆಡುವುದು ರಾಜ್ಯ ತಂಡಗಳು. ಹೋಗುವುದು ಕ್ಲಬ್ ಅಲ್ಲ, ಕ್ಲಬ್‌ನಲ್ಲಿ ಬೆಳೆದ ಮಗು, ಅದೂ ಕರ್ನಾಟಕದ ಜೆರ್ಸಿಯಲ್ಲಿ. ನನ್ನ ತರಬೇತಿಯೆಲ್ಲ ನಿಂತಿರುವುದು ಈ ಒಂದು ಸಂಗತಿಯ ಮೇಲೆ.

ದಾರಿಗಳು ಎರಡು. ಒಂದು, ವಾಲಿಬಾಲ್ ಸಂಸ್ಥೆಯದು: ಜಿಲ್ಲೆಯ ಆಯ್ಕೆ, ರಾಜ್ಯ ಮಟ್ಟದ ಟೂರ್ನಿ, ಸಂಭಾವ್ಯರ ಪಟ್ಟಿ, ಶಿಬಿರ, ಕೊನೆಗೆ ತಂಡ. ಇನ್ನೊಂದು, ಶಾಲೆಯದು. ಭಾರತೀಯ ಶಾಲಾ ಕ್ರೀಡಾ ಫೆಡರೇಷನ್‌ನ 14, 17 ಮತ್ತು 19 ವರ್ಷದೊಳಗಿನ ವಿಭಾಗಗಳಿಗೆ ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಎಂದು ಮೆಟ್ಟಿಲು ಹತ್ತಬೇಕು. ಬೆಂಗಳೂರಿನಲ್ಲಿ ತಾಲ್ಲೂಕಿನ ಜಾಗದಲ್ಲಿ ಉತ್ತರ, ದಕ್ಷಿಣ ಶೈಕ್ಷಣಿಕ ಜಿಲ್ಲೆಗಳ ವಲಯಗಳಿರುತ್ತವೆ. ನನ್ನ ಮಕ್ಕಳು ಬೇರೆ ಬೇರೆ ಶಾಲೆಯವರಾದ್ದರಿಂದ ಭಾನುವಾರ ಒಂದೇ ತಂಡದಲ್ಲಿ ಆಡಿದವರು ವಲಯ ಮಟ್ಟದ ಪಂದ್ಯದಲ್ಲಿ ಬಲೆಯ ಆಚೀಚೆ ನಿಲ್ಲುತ್ತಾರೆ. ಆ ದಿನ ನಾನು ಯಾರ ಬೆಂಚಿನ ಹತ್ತಿರವೂ ಕೂರುವುದಿಲ್ಲ, ದೈಹಿಕ ಶಿಕ್ಷಣ ಶಿಕ್ಷಕರ ಕೆಲಸದಲ್ಲಿ ತಲೆ ಹಾಕುವುದಿಲ್ಲ. ಅವರ ವಿಶ್ವಾಸವಿಲ್ಲದೆ ಶಾಲೆಯ ದಾರಿ ತೆರೆಯುವುದೇ ಇಲ್ಲ.

ಕ್ಲಬ್‌ನಲ್ಲಿ ಚೆನ್ನಾಗಿ ಆಡುವ ಮಗು ಆಯ್ಕೆಯ ದಿನ ಮಂಕಾಗುವುದಕ್ಕೆ ಕಾರಣವಿದೆ. ಅಲ್ಲಿ ಪರಿಚಯವೇ ಇಲ್ಲದ ಆರು ಮಂದಿಯನ್ನು ಸೇರಿಸಿ ಒಂದು ತಂಡ ಮಾಡುತ್ತಾರೆ. ಚೆಂಡು ಎತ್ತಿಕೊಡುವ ಸೆಟ್ಟರ್ ಯಾರೋ, ಚೆಂಡು ಎಷ್ಟು ಎತ್ತರಕ್ಕೆ ಬರುತ್ತದೋ ಅದನ್ನು ಹೊಡೆಯುವ ಅಟ್ಯಾಕರ್‌ಗೆ ಗೊತ್ತಿರುವುದಿಲ್ಲ. ಆದ್ದರಿಂದ ನಮ್ಮ ಭಾನುವಾರದ ಪಂದ್ಯಗಳಲ್ಲಿ ಪ್ರತಿ ಸೆಟ್‌ಗೂ ಸೆಟ್ಟರ್ ಬದಲಾಗುತ್ತಾರೆ; ಪಕ್ಕದ ಬಡಾವಣೆಯ ಮಕ್ಕಳನ್ನೂ ಕರೆದು ಬೆರೆಸುತ್ತೇನೆ. ಸೆಟ್ಟರ್ ಆದವಳು ಅಂಗಣಕ್ಕೆ ಇಳಿಯುವ ಮೊದಲೇ ಮೂವರು ಅಟ್ಯಾಕರ್‌ಗಳ ಬಳಿ ಹೋಗಿ ‘ನಿನಗೆ ಎತ್ತರದ ಚೆಂಡು ಬೇಕೋ, ವೇಗದ್ದೋ’ ಎಂದು ಕೇಳಬೇಕು. ಚೆಂಡು ತನ್ನದಾದರೆ ಗಟ್ಟಿಯಾಗಿ ಕೂಗಿ ಹೇಳಬೇಕು. ಮೌನವಾಗಿ ಆಡುವ ಮಗು ಎಷ್ಟೇ ನಿಪುಣವಾಗಿದ್ದರೂ ಆಯ್ಕೆಗಾರರ ಕಣ್ಣಿಗೆ ಬೀಳುವುದು ಕಷ್ಟ. ಇದು ನನ್ನ ದೃಢವಾದ ನಂಬಿಕೆ.

ಅಂಗಣವೂ ಮುಖ್ಯ. ನಮ್ಮದು ಮಣ್ಣಿನ ಅಂಗಣ, ಮೇಲೆ ತೆರೆದ ಆಕಾಶ. ಒಳಾಂಗಣಕ್ಕೆ ಮೊದಲ ಸಲ ಕಾಲಿಟ್ಟ ಮಗುವಿಗೆ ಚಾವಣಿ, ದೀಪಗಳ ನಡುವೆ ಎತ್ತರದ ಚೆಂಡಿನ ಅಂದಾಜೇ ಸಿಗುವುದಿಲ್ಲ. ಹಾಗಾಗಿ ಆಯ್ಕೆಗೆ ಮುಂಚೆ ಬಾಡಿಗೆ ಕೊಟ್ಟಾದರೂ ಒಳಾಂಗಣದಲ್ಲಿ ಆಡಿಸುತ್ತೇನೆ. 2023ರಲ್ಲಿ ಪ್ರೈಮ್ ವಾಲಿಬಾಲ್ ಲೀಗ್ ಕೋರಮಂಗಲದ ಒಳಾಂಗಣ ಕ್ರೀಡಾಂಗಣಕ್ಕೆ ಬಂದಾಗ ಮಕ್ಕಳನ್ನು ಕರೆದುಕೊಂಡು ಹೋಗಿದ್ದೆ. ಚೆಂಡನ್ನು ಬಿಟ್ಟು ಸೆಟ್ಟರ್‌ನ ಪಾದಗಳನ್ನು ಮಾತ್ರ ನೋಡಿ ಎಂದಿದ್ದೆ. ಚೆಂಡು ಬರುವ ಮೊದಲೇ ಆತ ಅದರ ಕೆಳಗೆ ನಿಂತಿರುತ್ತಾನೆ ಎಂಬುದು ಮಕ್ಕಳಿಗೆ ಅಂದು ಮನದಟ್ಟಾಯಿತು.

ಎತ್ತರದ ವಿಷಯದಲ್ಲಿ ಮಕ್ಕಳಿಗೆ ಸುಳ್ಳು ಭರವಸೆ ಕೊಡಬಾರದು. ಸೀನಿಯರ್ ವಿಭಾಗದಲ್ಲಿ ಮಹಿಳೆಯರ ಬಲೆಯ ಎತ್ತರ 2.24 ಮೀಟರ್, ಪುರುಷರದು 2.43 ಮೀಟರ್. ಗೋಡೆಯ ಪಕ್ಕ ನಿಲ್ಲಿಸಿ, ಬೆರಳ ತುದಿಗೆ ಸೀಮೆಸುಣ್ಣ ಹಚ್ಚಿ, ನಿಂತಲ್ಲಿನ ಗುರುತನ್ನೂ ಜಿಗಿದಾಗಿನ ಗುರುತನ್ನೂ ಅಳೆದು ಬರೆದಿಡುತ್ತೇನೆ. ಗಿಡ್ಡಗಿದ್ದು ಕಾಲು ಚುರುಕಾಗಿರುವ ಹುಡುಗಿಯನ್ನು ಬೇಗನೆ ಲಿಬೆರೊ (ಹಿಂದಿನ ಸಾಲಿನಲ್ಲಿ ರಕ್ಷಣೆಗೆಂದೇ ಆಡುವವರು) ಸ್ಥಾನಕ್ಕೆ ತಯಾರು ಮಾಡುತ್ತೇನೆ. ನಮ್ಮಲ್ಲೊಬ್ಬಳು ಹೀಗೆಯೇ ರಾಜ್ಯ ಶಿಬಿರ ಸೇರಿದಳು. ಬಲೆಯಿಂದ ಮೂರು ಮೀಟರ್ ಗೆರೆಯವರೆಗಿನ ಮುಂದಿನ ವಲಯದಲ್ಲಿ ನಿಂತ ಲಿಬೆರೊ ಬೆರಳುಗಳಿಂದ ಎತ್ತಿಕೊಟ್ಟ ಚೆಂಡನ್ನು ಸಹ ಆಟಗಾರ್ತಿ ಬಲೆಗಿಂತ ಮೇಲಿನಿಂದ ಹೊಡೆಯುವಂತಿಲ್ಲ ಎಂಬ ನಿಯಮವಿದೆ. ಇವಳು ಎರಡನೇ ಚೆಂಡಿಗೆ ಓಡುವಾಗಲೂ ಮೂರು ಮೀಟರ್ ಗೆರೆಯ ಹಿಂದೆಯೇ ಜಿಗಿದು ಎತ್ತಿಕೊಡುವುದನ್ನು ಅಭ್ಯಾಸ ಮಾಡಿದ್ದಳು. ಆಯ್ಕೆಯ ದಿನ ಅದನ್ನೇ ಮಾಡಿದಳು. ಮೇಜಿನ ಹಿಂದೆ ಕುಳಿತಿದ್ದವರು ತಲೆಯೆತ್ತಿ ನೋಡಿದರು. ನನಗೆ ಕಣ್ಣು ತುಂಬಿ ಬಂತು.

ಇನ್ನು ದಾಖಲೆಗಳು. ಜನನ ಪ್ರಮಾಣಪತ್ರ, ಆಧಾರ್, ಶಾಲಾ ದಾಖಲೆ ಮೂರರಲ್ಲೂ ಹೆಸರು, ಇನಿಷಿಯಲ್, ಜನ್ಮದಿನಾಂಕ ಒಂದೇ ಇರಬೇಕು. ಮಗು ಕ್ಲಬ್‌ಗೆ ಸೇರಿದ ತಿಂಗಳಲ್ಲೇ ಮೂರನ್ನೂ ತರಿಸಿ ಹೋಲಿಸುತ್ತೇನೆ, ಏಕೆಂದರೆ ಆಯ್ಕೆಯ ದಿನಾಂಕ ಗೊತ್ತಾಗುವ ಹೊತ್ತಿಗೆ ತಿದ್ದುಪಡಿಗೆ ಸಮಯವೇ ಇರುವುದಿಲ್ಲ. ಸಂದೇಹ ಬಂದರೆ ಮಣಿಕಟ್ಟಿನ ಎಕ್ಸ್‌ರೇ ತೆಗೆದು ಮೂಳೆಯ ವಯಸ್ಸನ್ನೂ ಪರೀಕ್ಷಿಸಬಹುದು. ವಯಸ್ಸು ಕಡಿಮೆ ತೋರಿಸಿ ಎಂದು ಕೇಳುವ ಪೋಷಕರಿಗೆ ನನ್ನ ಕ್ಲಬ್‌ನಲ್ಲಿ ಜಾಗವಿಲ್ಲ. ಹಾಗೆ ಆಡಿದ ಮಗು ಇನ್ನೊಂದು ಮಗುವಿನ ಸ್ಥಾನವನ್ನು ಕಿತ್ತುಕೊಳ್ಳುತ್ತದೆ.

ಎಸ್ಸೆಸ್ಸೆಲ್ಸಿ ಆದ ಮೇಲೆ ಬಹಳ ಮಕ್ಕಳು ಕೈತಪ್ಪುತ್ತಾರೆ. ಪಿಯು ಕಾಲೇಜುಗಳ ಕ್ರೀಡಾಕೂಟ ಬೇರೆಯೇ ಆಗಿರುವುದರಿಂದ ವಾಲಿಬಾಲ್ ತಂಡವಿರುವ ಕಾಲೇಜನ್ನೇ ಆರಿಸಿ ಎಂದು ಪೋಷಕರ ಮನೆಗೇ ಹೋಗಿ ಹೇಳುತ್ತೇನೆ. ಓದು ಕೆಡುತ್ತದೆ ಎನ್ನುವವರಿಗೆ ಸಿಇಟಿಯ ಕ್ರೀಡಾ ಕೋಟಾವನ್ನು ನೆನಪಿಸುತ್ತೇನೆ.

ರಾಷ್ಟ್ರೀಯ ಟೂರ್ನಿ ಆಡಿ ಬಂದವರಿಗೆ ಒಂದು ಕೆಲಸ ಬಾಕಿ ಇರುತ್ತದೆ. ಕೇಂದ್ರ ಸರ್ಕಾರದ ಕೆಲಸಕ್ಕೆ ಕ್ರೀಡಾ ಕೋಟಾದಲ್ಲಿ ಅರ್ಜಿ ಹಾಕುವಾಗ ಸಂಸ್ಥೆಯ ದಾರಿಯಲ್ಲಿ ಆಡಿದವರಿಗೆ ಫಾರ್ಮ್-2, ಶಾಲಾ ರಾಷ್ಟ್ರೀಯ ಕೂಟದಲ್ಲಿ ಆಡಿದವರಿಗೆ ಫಾರ್ಮ್-4 ಎಂಬ ನಿಗದಿತ ನಮೂನೆಯ ಪ್ರಮಾಣಪತ್ರ ಬೇಕು. ಪದಕದ ಫೋಟೊ ಹಂಚಿಕೊಳ್ಳುವ ಮೊದಲು ಪ್ರಮಾಣಪತ್ರದಲ್ಲಿನ ಹೆಸರಿನ ಪ್ರತಿ ಅಕ್ಷರವನ್ನೂ ಓದಿ ನೋಡಿ. ತಪ್ಪಿದ್ದರೆ ಸಹಿ ಹಾಕಿದವರು ಹುದ್ದೆಯಲ್ಲಿರುವಾಗಲೇ ತಿದ್ದಿಸಿಕೊಳ್ಳಿ.