ಶೇ. 36 ಎಂದರೆ ಯಾವ 36? ಮತಪ್ರಮಾಣದ ಲೆಕ್ಕವನ್ನು ಪ್ರಶ್ನಿಸುವ ಬಗೆ

ಕರ್ನಾಟಕ ವಿಧಾನಸಭೆಗೆ 2018ರಲ್ಲಿ ನಡೆದ ಚುನಾವಣೆಯಲ್ಲಿ ಸುಮಾರು ಶೇ. 36ರಷ್ಟು ಮತ ಪಡೆದ ಬಿಜೆಪಿ 104 ಸ್ಥಾನ ಗೆದ್ದಿತು. 2023ರಲ್ಲಿ ಹೆಚ್ಚುಕಡಿಮೆ ಅಷ್ಟೇ ಪ್ರಮಾಣದ ಮತ ಬಂದರೂ 66ಕ್ಕೆ ಇಳಿಯಿತು. ಇದನ್ನೇ ಹಿಡಿದು ‘ಆ ಪಕ್ಷದ ಮತದಾರರು ಕದಲಲಿಲ್ಲ’ ಎಂದು ಯಾರಾದರೂ ಹೇಳಿದರೆ, ಎರಡು ವರ್ಷ ಕೆರೆಯ ಮಟ್ಟ ಒಂದೇ ಇದ್ದ ಮಾತ್ರಕ್ಕೆ ಅದು ಅದೇ ನೀರೇ ಎಂದು ಕೇಳಿ. ತೂಬಿನಿಂದ ಹರಿದುಹೋದದ್ದೂ ಹಳ್ಳದಿಂದ ಬಂದು ಸೇರಿದ್ದೂ ರಾಜ್ಯಮಟ್ಟದ ಒಂದೇ ಅಂಕಿಯಲ್ಲಿ ಕಾಣುವುದಿಲ್ಲ.

ಹಾಗಾಗಿ ಮೊದಲು ಆ ಅಂಕಿಯನ್ನು ಒಡೆಯಬೇಕು. ಮತಗಟ್ಟೆವಾರು ಮತಗಳನ್ನು ತೋರಿಸುವ ನಮೂನೆ 20 ಸಾರ್ವಜನಿಕ ದಾಖಲೆ. 2018 ಮತ್ತು 2023ರ ಕ್ಷೇತ್ರಗಳ ಗಡಿ ಒಂದೇ ಆಗಿರುವುದರಿಂದ ಕ್ಷೇತ್ರವಾರು ಹೋಲಿಕೆ ನ್ಯಾಯವಾದದ್ದು. 2004ರೊಡನೆ ಹೋಲಿಸುವವರನ್ನು ಮಾತ್ರ ಅನುಮಾನದಿಂದಲೇ ನೋಡಿ, ಏಕೆಂದರೆ 2008ರ ಚುನಾವಣೆಯ ಹೊತ್ತಿಗೆ ಕ್ಷೇತ್ರಗಳು ಪುನರ್ವಿಂಗಡಣೆಯಾಗಿದ್ದವು. ಒಂದು ಪಕ್ಷ ಹೇಗೂ ಸೋಲುವ ಕಡೆ ಮತ ಹೆಚ್ಚಿಸಿಕೊಂಡು, ಕೂದಲೆಳೆಯಲ್ಲಿ ಗೆದ್ದಿದ್ದ ಕಡೆ ಕಳೆದುಕೊಂಡರೆ ಒಟ್ಟು ಪ್ರಮಾಣ ಅಲುಗದೆ ಸ್ಥಾನಗಳು ಕುಸಿಯುತ್ತವೆ. 2018ರಲ್ಲಿ ಸುಮಾರು ಶೇ. 38 ಮತ ಪಡೆದ ಕಾಂಗ್ರೆಸ್ ಸ್ಥಾನಗಳಲ್ಲಿ ಬಿಜೆಪಿಗಿಂತ ಹಿಂದೆ ಬಿದ್ದದ್ದೂ ಮತಗಳು ಎಲ್ಲಿ ಬಿದ್ದವು ಎಂಬ ಕಾರಣಕ್ಕೇ.

ಛೇದವನ್ನೂ, ಅಂದರೆ ಶೇಕಡಾವನ್ನು ಯಾವ ಒಟ್ಟು ಸಂಖ್ಯೆಯಿಂದ ಲೆಕ್ಕ ಹಾಕಿದ್ದಾರೆ ಎಂಬುದನ್ನೂ, ಮರೆಯಬಾರದು. 2023ರಲ್ಲಿ ಕಾಂಗ್ರೆಸ್ ಪಡೆದ ಸುಮಾರು ಶೇ. 43 ಎಂಬುದು ಚಲಾವಣೆಯಾದ ಮತಗಳಲ್ಲಿನ ಪಾಲು. ಮತದಾನವೇ ಸುಮಾರು ಶೇ. 73 ಇದ್ದುದರಿಂದ, ನೋಂದಾಯಿತ ಮತದಾರರ ಲೆಕ್ಕದಲ್ಲಿ ಅದು ಮೂರನೇ ಒಂದಕ್ಕಿಂತ ಕಡಿಮೆ. 135 ಸ್ಥಾನಗಳ ಗೆಲುವು ಇದರಿಂದ ಕಿರಿದಾಗುವುದಿಲ್ಲ, ಆದರೆ ‘ರಾಜ್ಯದ ಜನರೆಲ್ಲ ಕಾಂಗ್ರೆಸ್ಸನ್ನು ಆರಿಸಿದರು’ ಎಂಬ ಮಾತು ಸಡಿಲವಾಗುತ್ತದೆ. ಹಾಗೆಯೇ ಜೆಡಿಎಸ್ ಶೇ. 18ರಿಂದ 13ಕ್ಕೆ ಇಳಿದದ್ದನ್ನು ‘ಶೇ. 5ರಷ್ಟು ನಷ್ಟ’ ಎನ್ನುವುದು ತಪ್ಪು: ಕಳೆದದ್ದು ಐದು ಶೇಕಡಾ ಅಂಶ, ಅಂದರೆ ಹಿಂದಿನ ಪಾಲಿನ ನಾಲ್ಕನೇ ಒಂದಕ್ಕಿಂತ ಹೆಚ್ಚು.

ಅತ್ಯಂತ ಹೆಚ್ಚು ಎಚ್ಚರ ಬೇಕಾದದ್ದು ಜಾತಿವಾರು ಲೆಕ್ಕದಲ್ಲಿ. ನಮ್ಮಲ್ಲಿ ಮತದಾನ ಗುಪ್ತ. ಮತಯಂತ್ರ ಯಾರ ಜಾತಿಯನ್ನೂ ಕೇಳುವುದಿಲ್ಲ. ಇಂತಿಷ್ಟು ಶೇಕಡಾ ಲಿಂಗಾಯತರು ಅಥವಾ ಒಕ್ಕಲಿಗರು ಇಂಥ ಪಕ್ಷಕ್ಕೆ ಮತ ಹಾಕಿದರು ಎಂಬ ಅಂಕಿ ಸಮೀಕ್ಷೆಯಿಂದ ಬಂದಿರಬೇಕು, ಇಲ್ಲವೇ ಮತಗಟ್ಟೆಯ ಜನಸಂಖ್ಯೆ ನೋಡಿ ಮಾಡಿದ ಊಹೆಯಾಗಿರಬೇಕು. ಸಮೀಕ್ಷೆಯಾದರೆ ಆ ಸಮುದಾಯದ ಎಷ್ಟು ಜನರನ್ನು ಮಾತನಾಡಿಸಿದರು ಎಂದು ಕೇಳಿ. ಇಡೀ ರಾಜ್ಯದ ಮಾದರಿ ದೊಡ್ಡದಿದ್ದರೂ ಒಂದು ಪ್ರದೇಶದ ಒಂದು ಸಮುದಾಯಕ್ಕೆ ಬಂದಾಗ ಉಳಿಯುವುದು ಬೆರಳೆಣಿಕೆಯ ಜನ. ಊಹೆಯಾದರೆ, ಒಂದು ಸಮುದಾಯದವರು ಹೆಚ್ಚಿರುವ ಊರಿನಲ್ಲಿ ಪಕ್ಷವೊಂದು ಗೆದ್ದಾಗ ಆ ಮತ ಹಾಕಿದವರು ಅವರೋ, ಅದೇ ಊರಿನ ಉಳಿದವರೋ ಎಂಬುದಕ್ಕೆ ನಮೂನೆ 20ರಲ್ಲಿ ಉತ್ತರವಿರುವುದಿಲ್ಲ.